ಬ್ಯಾಂಕ್ ದಂಡ, ವಸೂಲಿಯವರ ಕಾಟ: ಆರ್‌ಬಿಐ ಒಂಬುಡ್ಸ್‌ಮನ್ ಸೇವೆ ಎಷ್ಟರಮಟ್ಟಿಗೆ ಕೆಲಸಕ್ಕೆ ಬರುತ್ತದೆ?

ಖಾತೆಯಿಂದ ಹೇಳದೆ ಕೇಳದೆ ದುಡ್ಡು ಕತ್ತರಿಸಿಕೊಂಡಾಗ, ಕಂತು ತಪ್ಪಿ ವಸೂಲಿಯವರು ಬಾಗಿಲಿಗೆ ಬಂದು ನಿಂತಾಗ ಸಿಗುವ ಸಲಹೆ ಒಂದೇ: "ಆರ್‌ಬಿಐಗೆ ಕಂಪ್ಲೇಂಟ್ ಹಾಕಿ." ಹಾಕುವುದು ಸುಲಭ. ಹಾಕಿದ್ದು ನಿಲ್ಲುವುದು ಕಷ್ಟ. ಈ ವಿಮರ್ಶೆ ಅದರ ಬಗ್ಗೆಯೇ.

2021ರ ನವೆಂಬರ್ 12ರಂದು ಶುರುವಾದ ರಿಸರ್ವ್ ಬ್ಯಾಂಕಿನ ಏಕೀಕೃತ ಒಂಬುಡ್ಸ್‌ಮನ್ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ಯೋಜನೆ ಅದಕ್ಕೂ ಮುಂಚೆ ಬೇರೆ ಬೇರೆಯಾಗಿದ್ದ ಮೂರು ವ್ಯವಸ್ಥೆಗಳನ್ನು (ಬ್ಯಾಂಕುಗಳದ್ದು, ಎನ್‌ಬಿಎಫ್‌ಸಿ ಎಂಬ ಬ್ಯಾಂಕೇತರ ಹಣಕಾಸು ಕಂಪನಿಗಳದ್ದು, ಡಿಜಿಟಲ್ ಪಾವತಿಯದ್ದು) ಒಂದೇ ಕಿಟಕಿಗೆ ತಂದಿತು. ಶುಲ್ಕ ಒಂದು ಪೈಸೆಯೂ ಇಲ್ಲ, ವಕೀಲರು ಬೇಡ. ಸಿಎಂಎಸ್ ಎಂಬ ಆರ್‌ಬಿಐನ ದೂರು ಪೋರ್ಟಲಿನಲ್ಲಿ ದೂರು ಹಾಕಬಹುದು, ಇಲ್ಲವೇ ಚಂಡೀಗಢದ ಸೆಕ್ಟರ್ 17ರಲ್ಲಿರುವ ರಿಸರ್ವ್ ಬ್ಯಾಂಕಿನ ಕೇಂದ್ರೀಕೃತ ದೂರು ಸ್ವೀಕಾರ ಕೇಂದ್ರಕ್ಕೆ ಅಂಚೆಯಲ್ಲಿ ಕಳಿಸಬಹುದು. ಅಂಚೆಯ ದೂರು ಯಾವ ಭಾಷೆಯಲ್ಲಿದ್ದರೂ ನಡೆಯುತ್ತದೆ, ಅಂದರೆ ಅಚ್ಚ ಕನ್ನಡದಲ್ಲೇ ಬರೆದು ಕಳಿಸಬಹುದು. ಇದು ಬಹಳ ಜನರಿಗೆ ಗೊತ್ತೇ ಇಲ್ಲ. 14448ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲಿ ಮಾಹಿತಿ ಸಿಗುತ್ತದೆ. ಆದರೆ ಆ ನಂಬರ್ ಇರುವುದು ದಾರಿ ಹೇಳುವುದಕ್ಕೆ, ಫೋನಿನಲ್ಲಿ ಗೋಳು ತೋಡಿಕೊಂಡ ಮಾತ್ರಕ್ಕೆ ದೂರು ದಾಖಲಾಯಿತು ಎಂದುಕೊಳ್ಳಬೇಡಿ.

ಮೊದಲು ನಿಮಗೆ ಸಾಲ ಕೊಟ್ಟವರು ಈ ಯೋಜನೆಯ ಒಳಗಿದ್ದಾರೋ ನೋಡಿಕೊಳ್ಳಿ. ವಾಣಿಜ್ಯ ಬ್ಯಾಂಕುಗಳು, ಗ್ರಾಮೀಣ ಬ್ಯಾಂಕುಗಳು, 50 ಕೋಟಿ ರೂಪಾಯಿ ಅಥವಾ ಹೆಚ್ಚು ಠೇವಣಿಯ ಪಟ್ಟಣ ಸಹಕಾರ ಬ್ಯಾಂಕುಗಳು, ಗ್ರಾಹಕರ ಜೊತೆ ನೇರ ವ್ಯವಹಾರವಿರುವ 100 ಕೋಟಿ ಮೇಲ್ಪಟ್ಟ ಆಸ್ತಿಯ ಎನ್‌ಬಿಎಫ್‌ಸಿಗಳು ಒಳಗಿವೆ. ನಮ್ಮ ಕಡೆ ಬೀದಿಗೆರಡರಂತೆ ಇರುವ ಸೌಹಾರ್ದ ಸಹಕಾರಿಗಳು, ಪತ್ತಿನ ಸಹಕಾರ ಸಂಘಗಳು ಇದರಲ್ಲಿ ಬರುವುದಿಲ್ಲ. ಬೋರ್ಡಿನ ಮೇಲೆ ಬ್ಯಾಂಕಿನಷ್ಟೇ ಗತ್ತಿನ ಹೆಸರು ಇರಬಹುದು, ಆದರೆ ಅವುಗಳ ಮೇಲಿನ ದೂರು ಸಹಕಾರ ಇಲಾಖೆಗೆ ಹೋಗಬೇಕು. ಮೊಬೈಲ್ ಆ್ಯಪ್‌ನಲ್ಲಿ ತೆಗೆದ ಸಾಲವಾದರೆ ಇನ್ನೊಂದು ಎಡವಟ್ಟು. ಆ್ಯಪ್ ಬರೀ ದಲ್ಲಾಳಿ, ಸಾಲ ಕೊಟ್ಟ ಎನ್‌ಬಿಎಫ್‌ಸಿಯ ಹೆಸರು ಕರಾರುಪತ್ರದಲ್ಲಿ ಇರುತ್ತದೆ. ಪೋರ್ಟಲಿನ ಪಟ್ಟಿಯಲ್ಲಿ ಆ್ಯಪ್‌ನ ಹೆಸರು ಹುಡುಕಿ, ಸಿಗಲಿಲ್ಲ ಎಂದು ಕೈಬಿಟ್ಟವರು ಬಹಳ.

ಇನ್ನು ದಂಡದ ವಿಷಯ. ಈ ಸೇವೆಯಿಂದ ನಿಜವಾಗಿ ದುಡ್ಡು ವಾಪಸ್ ಬರುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಉಳಿತಾಯ ಖಾತೆಯಲ್ಲಿ ಮಿನಿಮಂ ಬ್ಯಾಲೆನ್ಸ್ ಇಲ್ಲ ಎಂದು ದಂಡ ಹಾಕಲು ಬ್ಯಾಂಕಿಗೆ ಅವಕಾಶ ಇದೆ, ಆದರೆ ಮನಬಂದಂತೆ ಅಲ್ಲ. ಆರ್‌ಬಿಐ 2014ರ ನವೆಂಬರ್ 20ರಂದು ಹೊರಡಿಸಿ 2015ರ ಏಪ್ರಿಲ್ 1ರಿಂದ ಜಾರಿಗೆ ತಂದ ನಿಯಮದಲ್ಲಿ ಮೂರು ಕಟ್ಟುಪಾಡುಗಳಿವೆ. ಬ್ಯಾಲೆನ್ಸ್ ಕಡಿಮೆಯಾಗಿದೆ ಎಂದು ಎಸ್‌ಎಂಎಸ್, ಇಮೇಲ್ ಅಥವಾ ಪತ್ರದಲ್ಲಿ ತಿಳಿಸಿ, ತುಂಬಿಸಲು ಒಂದು ತಿಂಗಳು ಕೊಡಬೇಕು. ದಂಡ ಕೊರತೆಯಾದ ಮೊತ್ತಕ್ಕೆ ತಕ್ಕಷ್ಟೇ ಇರಬೇಕು. ಬರೀ ಈ ದಂಡದ ಕಾರಣಕ್ಕೆ ಖಾತೆ ಮೈನಸ್‌ಗೆ ಇಳಿಯಕೂಡದು.

ಮೂರನೆಯದನ್ನು ಪಾಸ್‌ಬುಕ್ಕಿನ ಮೇಲೆ ಇಟ್ಟು ನೋಡಿ. ಖಾತೆಯಲ್ಲಿ ಉಳಿದಿರುವುದು 340 ರೂಪಾಯಿ. ಬ್ಯಾಂಕ್ 500 ರೂಪಾಯಿ ದಂಡ, ಅದರ ಮೇಲೆ ಶೇ 18 ಜಿಎಸ್‌ಟಿ 90, ಒಟ್ಟು 590 ಕತ್ತರಿಸುತ್ತದೆ. ಖಾತೆ 250 ರೂಪಾಯಿ ಮೈನಸ್. ಮುಂದಿನ ತಿಂಗಳು ಪಿಂಚಣಿಯೋ ಸ್ಕಾಲರ್‌ಶಿಪ್ಪೋ 4,000 ಬಂದರೆ ಕೈಗೆ ಸಿಗುವುದು 3,750. ಗ್ರಾಹಕರು ಇದನ್ನು "ಓಡಿ ಆಗಿದೆ" ಅನ್ನುತ್ತಾರೆ, ಕೌಂಟರಿನಲ್ಲಿ ಕೂತವರೂ ಹಾಗೇ ಅನ್ನುತ್ತಾರೆ. ಆದರೆ ನೀವು ಓಡಿ, ಅಂದರೆ ಓವರ್‌ಡ್ರಾಫ್ಟ್ (ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ತೆಗೆಯಲು ಬ್ಯಾಂಕ್ ಕೊಡುವ ಸಾಲ) ಕೇಳಿಲ್ಲ, ಬ್ಯಾಂಕ್ ಮಂಜೂರು ಮಾಡಿಲ್ಲ. ಸ್ಟೇಟ್‌ಮೆಂಟಿನಲ್ಲಿ ದಂಡದ ಸಾಲು ಮತ್ತು ಮೈನಸ್ ಬಾಕಿಯ ಸಾಲು ಒಂದರ ಕೆಳಗೊಂದು ಇದ್ದರೆ ಬೇರೆ ಪುರಾವೆ ಬೇಡ.

ಎರಡನೆಯ ಕಟ್ಟುಪಾಡಿಗೂ ಲೆಕ್ಕ ಹಾಕಬೇಕು. ಬೇಕಾದ ಸರಾಸರಿ 10,000, ನಿಮ್ಮದು 8,500, ದಂಡದ ದರ ಕೊರತೆಯ ಶೇ 6 ಎಂದಿಟ್ಟುಕೊಳ್ಳಿ. ಕೊರತೆ 1,500, ದಂಡ 90, ಜಿಎಸ್‌ಟಿ ಸೇರಿ 106 ರೂಪಾಯಿ 20 ಪೈಸೆ. ಇದಕ್ಕಿಂತ ಹೆಚ್ಚು ಕತ್ತರಿಸಿದ್ದರೆ ಕೇಳುವ ಹಕ್ಕಿದೆ. ಸರಾಸರಿ ಎಂದರೆ ಪ್ರತಿದಿನದ ಕೊನೆಯ ಬಾಕಿಯನ್ನೆಲ್ಲ ಕೂಡಿಸಿ ದಿನಗಳಿಂದ ಭಾಗಿಸಿದ್ದು. 10,000 ಸರಾಸರಿಗೆ 30 ದಿನದ ಮೊತ್ತ 3,00,000 ಬರಬೇಕು. ತಿಂಗಳ ಕೊನೆಯಲ್ಲಿ ಹೆಚ್ಚು ಹಣ ಹಾಕಿಯೂ ಸರಾಸರಿ ಸರಿದೂಗಿಸಬಹುದು. ಕೆಲವರು ಬರೀ ಕಡಿಮೆ ಬಾಕಿಯ ದಿನ ನೋಡಿ ದಂಡ ಸರಿ ಎಂದು ಒಪ್ಪಿಕೊಂಡುಬಿಡುತ್ತಾರೆ. ಸ್ಟೇಟ್‌ಮೆಂಟ್ ಇಳಿಸಿಕೊಂಡು ಕೂಡಿಸಿ ನೋಡಿ.

ಹೀಗೇ ಗಟ್ಟಿ ನೆಲದ ಮೇಲೆ ನಿಲ್ಲುವ ಇನ್ನೂ ಕೆಲವು ಅಂಶಗಳಿವೆ. ಎರಡು ವರ್ಷ ವಹಿವಾಟಿಲ್ಲದೆ ನಿಷ್ಕ್ರಿಯವಾದ ಖಾತೆಗೆ 2024ರ ಏಪ್ರಿಲ್ 1ರಿಂದ ಮಿನಿಮಂ ಬ್ಯಾಲೆನ್ಸ್ ದಂಡ ಹಾಕುವಂತಿಲ್ಲ. ಎಟಿಎಂನಲ್ಲಿ ದುಡ್ಡು ಬಾರದೆ ಖಾತೆಯಲ್ಲಿ ಕತ್ತರಿಸಿ ಹೋದರೆ ಐದು ದಿನದೊಳಗೆ ವಾಪಸ್ ಹಾಕಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ, ಅದೂ ನೀವು ಕೇಳದೆಯೇ. ಕೆನರಾ ಬ್ಯಾಂಕ್ ತನ್ನ ಉಳಿತಾಯ ಖಾತೆಗಳಿಗೆ ಈ ದಂಡವನ್ನೇ 2025ರ ಜೂನ್ 1ರಿಂದ ಕೈಬಿಟ್ಟಿದೆ, ಸ್ಟೇಟ್ ಬ್ಯಾಂಕ್ 2020ರಲ್ಲೇ ಬಿಟ್ಟಿತ್ತು. ಪ್ರತಿ ತಿಂಗಳೂ ದಂಡ ಕಟ್ಟಿ ದೂರು ಬರೆಯುವುದಕ್ಕಿಂತ ಬೇಸಿಕ್ ಉಳಿತಾಯ ಖಾತೆಗೆ ಬದಲಾಯಿಸಿಕೊಳ್ಳುವುದೇ ಮೇಲು, ಅದಕ್ಕೆ ಮಿನಿಮಂ ಬ್ಯಾಲೆನ್ಸಿನ ಗೊಡವೆಯೇ ಇಲ್ಲ.

ಸಾಲದ ಕಡೆ ಬಂದರೆ 2023ರ ಆಗಸ್ಟ್ 18ರ ಸುತ್ತೋಲೆ ದೊಡ್ಡ ಆಯುಧ. ಕಂತು ತಪ್ಪಿದ್ದಕ್ಕೆ ಬಡ್ಡಿದರ ಏರಿಸಿ ದಂಡಬಡ್ಡಿ ಹಾಕುವ ಪದ್ಧತಿಯನ್ನು ಅದು ನಿಲ್ಲಿಸಿತು. ದಂಡಶುಲ್ಕ ಹಾಕಬಹುದು, ಆದರೆ ಅದನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಬೆಳೆಸುವಂತಿಲ್ಲ. ಹೊಸ ಸಾಲಗಳಿಗೆ 2024ರ ಏಪ್ರಿಲ್ 1ರಿಂದ ಜಾರಿ, ಹಳೆಯವು ಅದೇ ವರ್ಷದ ಜೂನ್ 30ರೊಳಗೆ ಬದಲಾಗಬೇಕಿತ್ತು. ಕ್ರೆಡಿಟ್ ಕಾರ್ಡಿಗೆ ಇದು ಅನ್ವಯಿಸುವುದಿಲ್ಲ, ಕಾರ್ಡಿನ ಬಿಲ್ ಹಿಡಿದು ಈ ಸುತ್ತೋಲೆ ತೋರಿಸಿದರೆ ದೂರು ಬಿದ್ದುಹೋಗುತ್ತದೆ. ಸಾಲದ ದಂಡಶುಲ್ಕದ ಮೇಲೆ ಜಿಎಸ್‌ಟಿ ಇಲ್ಲ ಎಂದು 2024ರ ಡಿಸೆಂಬರಿನಲ್ಲಿ ಜೈಸಲ್ಮೇರಿನಲ್ಲಿ ಸೇರಿದ್ದ ಜಿಎಸ್‌ಟಿ ಮಂಡಳಿ ಸ್ಪಷ್ಟಪಡಿಸಿದೆ. ಸಾಲದ ಖಾತೆಯ ವಿವರ ತೆಗೆಸಿದಾಗ ಈ ಶೇ 18ರ ಸಾಲು ಕಂಡರೆ ಗುರುತು ಹಾಕಿಕೊಳ್ಳಿ.

ವ್ಯಾಪಾರಕ್ಕೆಂದು ನಿಜವಾಗಿಯೇ ಓಡಿ ಮಿತಿ ಪಡೆದವರು ಮಂಜೂರಾತಿ ಪತ್ರ ತೆಗೆದು ಕೂರಬೇಕು. ನವೀಕರಣ ಶುಲ್ಕ, ಮಿತಿ ಮೀರಿದ್ದಕ್ಕೆ ದಂಡ, ಸ್ಟಾಕ್ ಪಟ್ಟಿ ತಡವಾದದ್ದಕ್ಕೆ ದಂಡ, ಬಳಸದ ಮಿತಿಗೆ ಶುಲ್ಕ, ಒಂದೊಂದೂ ಆ ಪತ್ರದಲ್ಲಿ ಇದೆಯೋ ಇಲ್ಲವೋ ಟಿಕ್ ಹಾಕುತ್ತ ಹೋಗಿ. ಬ್ಯಾಂಕೇ ನವೀಕರಣ ತಡಮಾಡಿ, ಮಿತಿಯ ಅವಧಿ ಮುಗಿಯಿತೆಂದು ಇಡೀ ಬಾಕಿಯನ್ನು ಮಿತಿಮೀರಿದ್ದೆಂದು ಲೆಕ್ಕ ಹಾಕುವುದೂ ಉಂಟು. ನೀವು ಕಾಗದ ಕೊಟ್ಟ ದಿನದ ಸ್ವೀಕೃತಿ ಇಲ್ಲದಿದ್ದರೆ ಈ ಜಗಳ ಗೆಲ್ಲಲಾಗದು.

ಒಂಬುಡ್ಸ್‌ಮನ್ ಕಚೇರಿಯ ಸ್ವಭಾವ ಅರ್ಥವಾಗುವುದು ಇಲ್ಲಿಂದ. "ಈ ದಂಡ ಬಹಳ ಹೆಚ್ಚು, ಬಡವರ ಹೊಟ್ಟೆ ಮೇಲೆ ಹೊಡೆಯುತ್ತಿದ್ದಾರೆ" ಎಂದು ಬರೆದರೆ ದೂರು ಮುಚ್ಚಿಹೋಗುತ್ತದೆ. ದರ ಎಷ್ಟಿರಬೇಕೆಂಬುದು ಬ್ಯಾಂಕಿನ ವಾಣಿಜ್ಯ ತೀರ್ಮಾನ, ಅದನ್ನು ಪ್ರಶ್ನಿಸುವ ದೂರನ್ನು ಯೋಜನೆಯೇ ಹೊರಗಿಟ್ಟಿದೆ. ಅದನ್ನೇ "ದಂಡಕ್ಕೆ ಮುಂಚೆ ಒಂದು ತಿಂಗಳ ಸೂಚನೆ ಬಂದಿಲ್ಲ, ದಂಡದಿಂದ ಖಾತೆ ಮೈನಸ್ ಆಗಿದೆ" ಎಂದು ಬರೆಯಿರಿ. ಆಗ ಅದು ಸೇವಾ ನ್ಯೂನತೆ, ವಿಚಾರಣೆಗೆ ಅರ್ಹ. ದುಡ್ಡು ಅದೇ, ಸಿಟ್ಟೂ ಅದೇ, ಬದಲಾದದ್ದು ವಾಕ್ಯ ಮಾತ್ರ.

ಆದ್ದರಿಂದ ಎಲ್ಲ ಶ್ರಮ ಬ್ಯಾಂಕಿಗೆ ಬರೆಯುವ ಮೊದಲ ಪತ್ರದ ಮೇಲೆ ಇರಲಿ. ಬ್ಯಾಂಕಿಗೆ ದೂರು ಕೊಟ್ಟು, ಅದರ ಉತ್ತರ ಬಾರದೆ ಅಥವಾ 30 ದಿನ ಕಳೆಯದೆ ಒಂಬುಡ್ಸ್‌ಮನ್ ಮುಂದೆ ಹೋಗುವಂತಿಲ್ಲ. 2021ರ ಯೋಜನೆಯ ಪ್ರಕಾರ, ಉತ್ತರ ಬಂದು ಅದು ತೃಪ್ತಿಕರವಲ್ಲದಿದ್ದರೆ ಉತ್ತರ ಬಂದ ದಿನದಿಂದ ಒಂದು ವರ್ಷ, ಉತ್ತರವೇ ಬಾರದಿದ್ದರೆ ದೂರು ಕೊಟ್ಟ ದಿನದಿಂದ ಒಂದು ವರ್ಷ 30 ದಿನ ಗಡುವು; ಈಗಿನ ಗಡುವನ್ನು ಪೋರ್ಟಲಿನಲ್ಲಿ ನೋಡಿಕೊಂಡು, ತಡಮಾಡದೆ ಹಾಕಿ. ಶಾಖೆಯಲ್ಲಿ ಬಾಯಲ್ಲಿ ಹೇಳಿದ್ದು, ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ದು, ಮ್ಯಾನೇಜರಿಗೆ ವಾಟ್ಸ್‌ಆ್ಯಪ್ ಕಳಿಸಿದ್ದು ಇವುಗಳನ್ನು ನೆಚ್ಚಿಕೊಳ್ಳಬೇಡಿ. ಬ್ಯಾಂಕಿನ ಕುಂದುಕೊರತೆ ವಿಭಾಗದ ಇಮೇಲಿಗೆ ಬರೆದು ದೂರು ಸಂಖ್ಯೆ ಪಡೆಯಿರಿ, ಅಥವಾ ಶಾಖೆಯಲ್ಲಿ ಎರಡು ಪ್ರತಿ ಕೊಟ್ಟು ಒಂದರ ಮೇಲೆ ತಾರೀಖಿನ ಠಸ್ಸೆ ಹಾಕಿಸಿಕೊಳ್ಳಿ. ಠಸ್ಸೆ ಹಾಕುವುದಿಲ್ಲ ಎಂದರೆ ವಾದಕ್ಕಿಳಿಯದೆ ಸ್ವೀಕೃತಿ ಸಿಗುವ ಅಂಚೆಯಲ್ಲಿ ಕಳಿಸಿ.

ಪತ್ರ ಅರ್ಧ ಪುಟ ಸಾಕು. "ನನ್ನ ಉಳಿತಾಯ ಖಾತೆಯಿಂದ ಇಂಥ ತಾರೀಖು 590 ರೂಪಾಯಿ ಕತ್ತರಿಸಲಾಗಿದೆ. ಆ ದಿನದ ಬಾಕಿ 340. ದಂಡದಿಂದ ಬಾಕಿ ಮೈನಸ್ 250 ಆಗಿದೆ. ಇದು ಆರ್‌ಬಿಐ ನಿಯಮಕ್ಕೆ ವಿರುದ್ಧ. ದಂಡಕ್ಕೆ ಮುಂಚೆ ಸೂಚನೆ ಕಳಿಸಿದ್ದರೆ ಅದರ ತಾರೀಖು ಮತ್ತು ಪ್ರತಿ ಕೊಡಿ. 590 ರೂಪಾಯಿ ವಾಪಸ್ ಹಾಕಿ, ಲಿಖಿತ ಉತ್ತರ ನೀಡಿ." ಸೂಚನೆಯ ಪ್ರತಿ ಕೇಳುವ ವಾಕ್ಯವನ್ನು ಬಿಡಬೇಡಿ. ಕಳಿಸಿದ್ದೇವೆ ಎನ್ನುವ ಬ್ಯಾಂಕ್ ಆಗ ಅದನ್ನು ತೋರಿಸಬೇಕಾಗುತ್ತದೆ. ಇನ್ನೊಂದು ವಿಷಯ: ಆರ್‌ಬಿಐ 2025ರ ನವೆಂಬರಿನಲ್ಲಿ ಸಾವಿರಾರು ಹಳೆಯ ಸುತ್ತೋಲೆಗಳನ್ನು ವಿಷಯವಾರು ನಿರ್ದೇಶನಗಳಾಗಿ ಒಗ್ಗೂಡಿಸಿದೆ. ಹಾಗಾಗಿ ಇಂಟರ್ನೆಟ್ಟಿನಲ್ಲಿ ಸಿಕ್ಕ ಹಳೆಯ ಸುತ್ತೋಲೆಯ ಸಂಖ್ಯೆಯನ್ನೇ ನಂಬಿ ಕೂರದೆ ನಿಯಮ ಏನು ಹೇಳುತ್ತದೆ ಎಂಬುದನ್ನು ಬರೆಯಿರಿ.

ದೊಡ್ಡ ಬ್ಯಾಂಕುಗಳಲ್ಲಿ ಆಂತರಿಕ ಒಂಬುಡ್ಸ್‌ಮನ್ ಎಂದೊಬ್ಬರಿರುತ್ತಾರೆ. ನೀವು ನೇರವಾಗಿ ಅವರ ಬಳಿ ಹೋಗುವಂತಿಲ್ಲ, ಆದರೆ ಬ್ಯಾಂಕ್ ನಿಮ್ಮ ದೂರನ್ನು ಪೂರ್ತಿಯಾಗಿಯೋ ಭಾಗಶಃವೋ ತಳ್ಳಿಹಾಕುವ ಮುನ್ನ ಅವರ ಮುಂದಿಡಲೇಬೇಕು. "ನಿಯಮದಂತೆ ಶುಲ್ಕ ವಿಧಿಸಲಾಗಿದೆ" ಎಂಬ ಒಂದು ಸಾಲಿನ ಉತ್ತರ ಬಂದರೆ, ಇದು ಆಂತರಿಕ ಒಂಬುಡ್ಸ್‌ಮನ್ ನೋಡಿದ ಉತ್ತರವೇ ಎಂದು ಮರಳಿ ಕೇಳಿ. ಎಷ್ಟೋ ದಂಡಗಳು ಈ ಪ್ರಶ್ನೆಗೇ ವಾಪಸ್ ಬರುತ್ತವೆ.

ಪೋರ್ಟಲ್ ನೋಡಲು ಸರ್ಕಾರಿ ಫಾರಮ್ಮಿನಂತೆಯೇ ಇದೆ: ಮೊಬೈಲ್ ಒಟಿಪಿ, ನಿಮ್ಮ ವಿವರ, ಸಂಸ್ಥೆಯ ಆಯ್ಕೆ, ಬ್ಯಾಂಕಿಗೆ ದೂರು ಕೊಟ್ಟ ತಾರೀಖು, ಉತ್ತರ ಬಂತೇ, ಕೋರ್ಟಿನಲ್ಲಿ ಇದೆಯೇ, ವಕೀಲರ ಮೂಲಕವೇ ಎಂಬ ಪ್ರಶ್ನೆಗಳು, ಆಮೇಲೆ ಮೊತ್ತ ಮತ್ತು ಲಗತ್ತು. ಗ್ರಾಹಕ ಆಯೋಗದಲ್ಲೂ ಇದೇ ವಿಷಯ ಹಾಕಿದ್ದರೆ ಇಲ್ಲಿ ನಡೆಯುವುದಿಲ್ಲ, ಎರಡು ದೋಣಿಯಲ್ಲಿ ಕಾಲಿಡುವಂತಿಲ್ಲ. ವಕೀಲರ ಹೆಸರಿನಲ್ಲಿ ಹಾಕಿದರೂ ನಡೆಯುವುದಿಲ್ಲ. ಲಗತ್ತಿನಲ್ಲಿ ಎರಡು ವರ್ಷದ ಸ್ಟೇಟ್‌ಮೆಂಟ್ ಸುರಿಯಬೇಡಿ. ದಂಡದ ಸಾಲಿರುವ ಪುಟ, ಬ್ಯಾಂಕಿಗೆ ಬರೆದ ಪತ್ರ, ಅದರ ಸ್ವೀಕೃತಿ, ಬಂದ ಉತ್ತರ, ಇಷ್ಟು ಸಾಕು. ಪರಿಹಾರದ ಕಾಲಂ ಖಾಲಿ ಬಿಡಬೇಡಿ. 2021ರ ಯೋಜನೆಯಲ್ಲಿ ನಷ್ಟಕ್ಕೆ 20 ಲಕ್ಷದವರೆಗೆ, ಓಡಾಟ, ಕಿರುಕುಳ, ಮಾನಸಿಕ ಯಾತನೆಗೆ ಪ್ರತ್ಯೇಕವಾಗಿ 1 ಲಕ್ಷದವರೆಗೆ ಕೊಡಿಸಲು ಅವಕಾಶ ಇದೆ. ಹಾಗೆಂದು 590 ರೂಪಾಯಿ ದಂಡಕ್ಕೆ 1 ಲಕ್ಷ ಕೇಳಿದರೆ ದೂರಿನ ತೂಕ ಇಳಿಯುತ್ತದೆಯೇ ಹೊರತು ಏರುವುದಿಲ್ಲ.

ವಸೂಲಿ ಕಿರುಕುಳದ ವಿಷಯದಲ್ಲಿ ಈ ಸೇವೆಗೆ ನಾನು ಇಷ್ಟು ಅಂಕ ಕೊಡಲಾರೆ. ನಿಯಮಗಳು ಚೆನ್ನಾಗಿವೆ, ವೇಗ ಇಲ್ಲ. ಬೆಳಗ್ಗೆ ಬೀದಿಯಲ್ಲಿ ನಿಂತು ಕೂಗಾಡಿದವನ ಬಗ್ಗೆ ಬ್ಯಾಂಕಿನ ಉತ್ತರಕ್ಕಾಗಿ 30 ದಿನದವರೆಗೆ ಕಾದು ದೂರು ಹಾಕಬೇಕು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುವ ಊರಿನಲ್ಲಿ ಇದು ಬಹಳ ದೀರ್ಘ ಕಾಲ. ಹಾಗಾಗಿ ಇಲ್ಲಿ ಒಂಬುಡ್ಸ್‌ಮನ್‌ಗಿಂತ ಮುಂಚೆ ಕೈಗೆ ಬರುವ ಹತಾರಗಳು ಬೇರೆ ಇವೆ.

2022ರ ಆಗಸ್ಟ್ 12ರ ಆರ್‌ಬಿಐ ಸೂಚನೆಯ ಪ್ರಕಾರ ಬಾಕಿ ವಸೂಲಿಗೆ ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ಬೆದರಿಕೆ, ಬೈಗುಳ, ನಾಲ್ಕು ಜನರ ಮುಂದೆ ಅವಮಾನ, ಮನೆಯವರು, ಸ್ನೇಹಿತರು, ರೆಫರೆನ್ಸ್ ಕೊಟ್ಟವರ ಖಾಸಗಿತನಕ್ಕೆ ಕೈಹಾಕುವುದು, ಮೊಬೈಲ್ ಅಥವಾ ಸೋಶಿಯಲ್ ಮೀಡಿಯಾದಲ್ಲಿ ಅನುಚಿತ ಸಂದೇಶ, ಎಲ್ಲವೂ ನಿಷಿದ್ಧ. ಏಜೆಂಟ್ ಏನು ಮಾಡಿದರೂ ಹೊಣೆ ಬ್ಯಾಂಕಿನದ್ದೇ, "ಅವರು ಹೊರಗಿನ ಏಜೆನ್ಸಿಯವರು" ಎಂಬ ಉತ್ತರ ಉತ್ತರವೇ ಅಲ್ಲ. ಗೂಂಡಾಗಳನ್ನು ಬಿಟ್ಟು ಸಾಲ ವಸೂಲಿ ಮಾಡಕೂಡದು ಎಂದು ಸುಪ್ರೀಂ ಕೋರ್ಟ್ 2007ರಲ್ಲೇ ಹೇಳಿದೆ.

ಬ್ಯಾಂಕ್ ಏಜೆಂಟರಿಗೆ ಸಂಬಂಧಿಸಿದ 2008ರ ಏಪ್ರಿಲ್ 24ರ ನಿಯಮಗಳನ್ನು ಏಜೆಂಟರು ಮಾತ್ರವಲ್ಲ, ಸಾಲಗಾರರೂ ಮರೆತಿದ್ದಾರೆ. ಯಾವ ಏಜೆನ್ಸಿಗೆ ವಸೂಲಿ ವಹಿಸಿದೆ ಎಂದು ಬ್ಯಾಂಕ್ ನಿಮಗೆ ಮೊದಲೇ ತಿಳಿಸಬೇಕು. ಬರುವವರು ಆ ಸೂಚನೆಯ ಪ್ರತಿ, ಬ್ಯಾಂಕಿನ ಅಧಿಕಾರಪತ್ರ, ಗುರುತಿನ ಚೀಟಿ ತರಬೇಕು. ನಿಮ್ಮ ಪಾಲಿಗೆ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದು: ಸಾಲಗಾರ ಕೊಟ್ಟ ದೂರು ಇತ್ಯರ್ಥವಾಗುವ ತನಕ, ಅದು ಬರೀ ಕಾಲಹರಣದ್ದೆಂದು ಬ್ಯಾಂಕ್ ಆಧಾರಸಹಿತ ತೀರ್ಮಾನಿಸದ ಹೊರತು, ಆ ಪ್ರಕರಣವನ್ನು ಏಜೆನ್ಸಿಗೆ ದಾಟಿಸಬಾರದು. ಅಂದರೆ ದಂಡಶುಲ್ಕದ ಲೆಕ್ಕದ ಬಗ್ಗೆ ನಿಜವಾದ ತಕರಾರಿದ್ದರೆ, ಏಜೆಂಟ್ ಬರುವ ಮೊದಲೇ ಅದನ್ನು ಬರಹದಲ್ಲಿ ಕೊಟ್ಟಿರುವುದು ಎರಡು ಕೆಲಸ ಮಾಡುತ್ತದೆ: ಪ್ರಕರಣ ಏಜೆನ್ಸಿಗೆ ದಾಟದಂತೆ ತಡೆಯುತ್ತದೆ, ಒಂಬುಡ್ಸ್‌ಮನ್ ಬಳಿ ಹೋಗಲು ಬೇಕಾದ 30 ದಿನದ ಲೆಕ್ಕವನ್ನೂ ಶುರು ಮಾಡುತ್ತದೆ.

ಬಾಗಿಲಿಗೆ ಬಂದವನ ಹತ್ತಿರ ಸಾಲದ ಬಗ್ಗೆ ಮಾತಾಡುವ ಮುಂಚೆ ಅಧಿಕಾರಪತ್ರ ಕೇಳಿ, ಅದರ ಫೋಟೊ ತೆಗೆದುಕೊಳ್ಳಿ. ತೋರಿಸದವನನ್ನು ಒಳಗೆ ಕರೆಯುವ ಅಗತ್ಯ ಇಲ್ಲ. ಅವನ ಕೈಗೆ ನಗದು ಕೊಡಬೇಡಿ, ಅವನ ಸ್ವಂತ ಯುಪಿಐಗೆ ಹಾಕಲೇಬೇಡಿ, ಸಾಲದ ಖಾತೆಗೆ ನೇರ ಕಟ್ಟಿ. ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಗಂಟೆ, ನಂಬರ್, ಆಡಿದ ಮಾತು ಬರೆಯುತ್ತ ಹೋಗಿ. ರಾತ್ರಿ 9.40ಕ್ಕೆ ಬಂದ ಕರೆಯ ಸ್ಕ್ರೀನ್‌ಶಾಟ್ ಹತ್ತು ಪುಟದ ಗೋಳಿಗಿಂತ ಹೆಚ್ಚು ಮಾತಾಡುತ್ತದೆ. ಸಿಟ್ಟಿನಲ್ಲಿ ಚಾಟ್ ಅಳಿಸಬೇಡಿ, ನಂಬರ್ ಬ್ಲಾಕ್ ಮಾಡುವುದಿದ್ದರೂ ಮೊದಲು ಚಾಟ್ ಎಕ್ಸ್‌ಪೋರ್ಟ್ ಮಾಡಿ. ಅದೇ ದಿನ ಬ್ಯಾಂಕಿನ ನೋಡಲ್ ಅಧಿಕಾರಿಗೆ (ದೂರುಗಳನ್ನು ನೋಡಿಕೊಳ್ಳುವವರು) ಇಮೇಲ್ ಬರೆದು, ಇಂಥ ಹೊತ್ತಿನ ಕರೆಯ ಧ್ವನಿಮುದ್ರಿಕೆಯನ್ನು ಅಳಿಸದೆ ಕಾಪಾಡಿ ಎಂದು ಕೇಳಿ. 30 ದಿನದ ಗಡಿಯಾರ ಅಲ್ಲಿಂದ ಓಡಲು ಶುರುವಾಗುತ್ತದೆ.

ಬೆದರಿಕೆ, ಮನೆಗೆ ನುಗ್ಗುವುದು, ಹೆಂಗಸರ ಬಗ್ಗೆ ಕೆಟ್ಟ ಮಾತು ಬಂದರೆ 112, ನಂತರ ಠಾಣೆ. "ಸಾಲದ ವಿಷಯ, ಸಿವಿಲ್ ಕೋರ್ಟಿಗೆ ಹೋಗಿ" ಎಂಬ ಮಾತು ಠಾಣೆಯಲ್ಲಿ ಬರುತ್ತದೆ. ದೂರಿನಲ್ಲಿ ಸಾಲದ ಇತಿಹಾಸವನ್ನೇ ಎರಡು ಪುಟ ಬರೆದರೆ ಬರದೆ ಇರುತ್ತದೆಯೇ? ಸಾಲಕ್ಕೆ ಒಂದು ಸಾಲು ಸಾಕು. ಉಳಿದದ್ದು ಬೆದರಿಕೆಯ ಬಗ್ಗೆ ಇರಲಿ: ಯಾರು, ಎಲ್ಲಿ, ಎಷ್ಟು ಹೊತ್ತಿಗೆ, ಯಾವ ಪದ. ಕ್ರಿಮಿನಲ್ ಬೆದರಿಕೆಗೆ ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಂ ಇದೆ. ಕರ್ನಾಟಕದಲ್ಲಿ ಕಿರುಸಾಲ ವಸೂಲಿಯ ಬಲವಂತ ತಡೆಯಲು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಬಂತು, 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಅದರಲ್ಲಿದೆ. ಅದರ ಕಣ್ಣು ಮುಖ್ಯವಾಗಿ ನೋಂದಣಿ ಇಲ್ಲದ ಸಾಲಿಗರ ಮೇಲೆ. ಬ್ಯಾಂಕ್, ಎನ್‌ಬಿಎಫ್‌ಸಿ ಏಜೆಂಟರ ವಿರುದ್ಧ ಅದನ್ನೇ ನಂಬಿಕೊಂಡು ಹೋಗಬೇಡಿ.

ಒಂಬುಡ್ಸ್‌ಮನ್ ಸಾಲ ಮನ್ನಾ ಮಾಡುವುದಿಲ್ಲ, ಕಂತು ಇಳಿಸುವುದಿಲ್ಲ. "ನಮಗೆ ಫೀಸು ಕೊಡಿ, ಕಂತು ಕಟ್ಟುವುದು ನಿಲ್ಲಿಸಿ, ಅರ್ಧಕ್ಕೆ ಸೆಟಲ್ ಮಾಡಿಸುತ್ತೇವೆ" ಎನ್ನುವ ಕಂಪನಿಗಳ ಮಾತು ಕೇಳಿ ಕಂತು ನಿಲ್ಲಿಸಿದರೆ ದಂಡಶುಲ್ಕವೂ ಬೆಳೆಯುತ್ತದೆ, ಸಿಬಿಲ್ ವರದಿಯೂ ಕೆಡುತ್ತದೆ. ಸೆಟಲ್‌ಮೆಂಟ್ ಬೇಕಿದ್ದರೆ ಬ್ಯಾಂಕಿನ ಲೆಟರ್‌ಹೆಡ್ಡಿನಲ್ಲಿ ಮೊತ್ತ, ಕೊನೆಯ ದಿನ, "ಬೇರೆ ಬಾಕಿ ಇಲ್ಲ" ಎಂಬ ಸಾಲು ಬಂದ ಮೇಲೆಯೇ ದುಡ್ಡು ಕಟ್ಟಿ. ವರ್ಷಗಟ್ಟಲೆ ಹಳೆಯದಾದ ಸಾಲಕ್ಕೆ "ಸುಮ್ಮನೆ 500 ಹಾಕಿ, ಫೈಲ್ ಕ್ಲೋಸ್ ಮಾಡ್ತೀವಿ" ಎಂಬ ಕರೆ ಬಂದರೆ ಇನ್ನೂ ಹುಷಾರು. ಸಾಲ ವಸೂಲಿಗೆ ಕೋರ್ಟಿಗೆ ಹೋಗಲು ಇರುವ ಮೂರು ವರ್ಷದ ಕಾಲಮಿತಿ ಮುಗಿಯುವ ಮುನ್ನ ಕಟ್ಟಿದ ಚಿಲ್ಲರೆ ಮೊತ್ತವೂ ಆ ಲೆಕ್ಕವನ್ನು ಮತ್ತೆ ಮೊದಲಿನಿಂದ ಶುರು ಮಾಡಬಲ್ಲದು.

ದೂರು ಅಂಗೀಕಾರವಾದ ಮೇಲೆ ಬ್ಯಾಂಕ್ 15 ದಿನದಲ್ಲಿ ಉತ್ತರ ಕೊಡಬೇಕು. ಕೊಡದಿದ್ದರೆ ಕಡತದಲ್ಲಿ ಇರುವುದನ್ನೇ ನೋಡಿ ಒಂಬುಡ್ಸ್‌ಮನ್ ಆದೇಶ ಮಾಡಬಹುದು, ಅಂಥ ಆದೇಶದ ಮೇಲೆ ಬ್ಯಾಂಕಿಗೆ ಮೇಲ್ಮನವಿಯ ಹಕ್ಕೂ ಇಲ್ಲ. ಆದರೆ ಹೆಚ್ಚಿನ ಪ್ರಕರಣ ಅಲ್ಲಿಗೆ ಹೋಗುವುದೇ ಇಲ್ಲ, ನೋಟಿಸ್ ತಲುಪಿದ ಮೇಲೆ ಬ್ಯಾಂಕಿನಿಂದ "ಗುಡ್‌ವಿಲ್" ಹೆಸರಿನಲ್ಲಿ ದುಡ್ಡು ಬಂದುಬಿಡುತ್ತದೆ. ನನ್ನ ದೊಡ್ಡ ಆಕ್ಷೇಪ ಬೇರೆ. ದೂರು ವಿಚಾರಣೆಗೆ ಅರ್ಹವಲ್ಲ ಎಂದು ತಾಂತ್ರಿಕ ಕಾರಣಕ್ಕೆ ಮುಚ್ಚಿದರೆ ಅದಕ್ಕೆ ಮೇಲ್ಮನವಿ ಇಲ್ಲ, ಮುಚ್ಚಿದ ಕಾರಣವೂ ಕಲಮಿನ ಸಂಖ್ಯೆ ಹಾಕಿದ ಸಿದ್ಧ ವಾಕ್ಯದಲ್ಲಿ ಬರುತ್ತದೆ. ಸಾಮಾನ್ಯ ಗ್ರಾಹಕನಿಗೆ ಎಲ್ಲಿ ತಪ್ಪಿದೆ ಎಂದೇ ತಿಳಿಯುವುದಿಲ್ಲ.

ಆದೇಶ ನಿಮ್ಮ ಪರ ಬಂದರೆ ಕೆಲಸ ಮುಗಿಯಿತು ಎಂದು ಕೂರಬೇಡಿ. 30 ದಿನದೊಳಗೆ ಒಪ್ಪಿಗೆಯ ಪತ್ರವನ್ನು ಬ್ಯಾಂಕಿಗೆ ಕಳಿಸದಿದ್ದರೆ ಆದೇಶ ತಾನಾಗಿ ಬಿದ್ದುಹೋಗುತ್ತದೆ. ದುಡ್ಡು ಬಂದ ದಿನ ಪಾಸ್‌ಬುಕ್ಕಿನಲ್ಲಿ 500 ಬಂದಿದೆಯೋ 590 ಬಂದಿದೆಯೋ ನೋಡಿ. ಜಿಎಸ್‌ಟಿಯ 90 ರೂಪಾಯಿ ಹೆಚ್ಚಾಗಿ ಅಲ್ಲೇ ಉಳಿದಿರುತ್ತದೆ.